ಬೇರಿಲ್ಲದ ಹುಲ್ಲು

ಆಗೆಲ್ಲ ಶಹಾಪುರದಲ್ಲಿ ಟಾಂಗಾಗಳಿದ್ದವು. ಅದರಲ್ಲೊಂದು ನಮ್ಮ ಅಬ್ಬಾನದು, ಎಳೆಯಲು ಮೋತಿ ಎಂಬ ಬಿಳಿ ಕುದುರೆ. ನಮ್ಮ ಸಫರ್ ತಿಂಗಳ ಕೊನೆಯ ಬುಧವಾರ ಬಂತೆಂದರೆ ಹಿಂದಿನ ಸಂಜೆಯೇ ಪಾತ್ರೆ, ಚಾದರ, ಅಕ್ಕಿ, ಮಕ್ಕಳು ಎಲ್ಲವನ್ನೂ ಅದರಲ್ಲಿ ತುರುಕಿ, ವನದುರ್ಗದ ದಾರಿಯ ಸರ್ಕಾರಿ ಅಡವಿಗೆ ಹೋಗಿ ಬಿಡಾರ ಹೂಡುತ್ತಿದ್ದೆವು. ಓಣಿಯ ಹಲವು ಮನೆಗಳೂ ಬರುತ್ತಿದ್ದವು. ಮರದಿಂದ ಮರಕ್ಕೆ ಚಾದರ ಕಟ್ಟಿದರೆ ಮನೆ, ಮೂರು ಕಲ್ಲಿಟ್ಟರೆ ಒಲೆ. ಬೆಳಗ್ಗೆ ಹೊಗೆ ವಾಸನೆಯ ಖಿಚಡಿ, ಹುಣಸೆಯ ಖಟ್ಟಾ ಸಾರು, ಎಣ್ಣೆಯಲ್ಲಿ ಕರಿದ ಬೆಲ್ಲದ ಗುಲ್ಗುಲೆ. ಅಡವಿಯ ಗಾರ್ಡ್‌ಗೂ ಒಂದು ತಟ್ಟೆ. "ಹೋಗೂಮುಂದ ಬೆಂಕಿ ಆರಿಸಿ ಹೋಗ್ರಿ" ಎಂಬುದಷ್ಟೇ ಅವನ ಕಾನೂನು.

ಆ ದಿನ ಬರಿಗಾಲಲ್ಲಿ ಹಸಿರು ಹುಲ್ಲು ತುಳಿದರೆ ಮೈಯ ಬೇನೆಯೆಲ್ಲ ನೆಲಕ್ಕೆ ಇಳಿದುಹೋಗುತ್ತದೆ ಎಂದು ನಮ್ಮವರ ನಂಬಿಕೆ. ನಮ್ಮ ತಿಂಗಳುಗಳು ಚಂದ್ರನ ಲೆಕ್ಕದವು, ವರ್ಷವರ್ಷವೂ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತವೆ. ಅಮ್ಮಿ ಸಣ್ಣವಳಿದ್ದಾಗ ಆ ಬುಧವಾರ ಬಾರಿಹಣ್ಣಿನ ಚಳಿಯಲ್ಲಿ ಬರುತ್ತಿತ್ತಂತೆ, ಮದುವೆಯಾದ ಹೊಸತರಲ್ಲಿ ಸೀತಾಫಲದ ಕಾಲಕ್ಕೆ. ನನಗೆ ಬುದ್ಧಿ ಬಂದಾಗ ಮಳೆಗಾಲ. ಒದ್ದೆ ಹುಲ್ಲಿನಲ್ಲಿ ಅಕ್ಕ ನೂರ್ ಆಪಾ ನನ್ನನ್ನು ಬೆನ್ನಿಗೆ ಹಾಕಿಕೊಂಡು ಓಡುತ್ತಿದ್ದಳು.

ಹೀಗೆ ಸರಿಯುತ್ತ ಸರಿಯುತ್ತ ಒಂದು ವರ್ಷ ಆ ದಿನ ಉರಿಬೇಸಿಗೆಗೆ ಬಂತು. ಅದೇ ವರ್ಷ ನೂರ್ ಆಪಾಳ ಎದೆಯ ಕವಾಟ ಕೆಟ್ಟಿದೆ ಎಂದು ಕಲಬುರಗಿಯ ಡಾಕ್ಟರರು ಕೈಚೆಲ್ಲಿದ್ದರು. ನಾಲ್ಕು ಹೆಜ್ಜೆಗೆ ಏದುಸಿರು. ಅಮ್ಮಿಗೆ ಇದ್ದ ಭರವಸೆ ಆ ಬುಧವಾರವೊಂದೇ.

ಅಡವಿಯಲ್ಲಿ ಹುಲ್ಲೆಂಬುದೇ ಇರಲಿಲ್ಲ. ಬಂಡೆ ಕಾದು ಹೆಂಚಾಗಿತ್ತು. ಅಮ್ಮಿ ಬೆಳಗಿನಿಂದ ಹಳ್ಳದ ಗುಂಡಿ ಗುಂಡಿಗೂ ಇಣುಕಿ ಬರಿಗೈಯಲ್ಲಿ ಬಂದು ಕುಳಿತಳು. ಆಗ ಅಬ್ಬಾ ಟಾಂಗಾದಿಂದ ಮೋತಿಗೆಂದು ತಂದಿದ್ದ ಹಸಿಮೇವಿನ ಹೊರೆ ಬಿಚ್ಚಿ, ನೀರು ಚಿಮುಕಿಸಿ, ನೆರಳಿನಲ್ಲಿ ಉದ್ದಕ್ಕೆ ಹಾಸಿದ.

"ಕೊಯ್ದ ಹುಲ್ಲಿಗೆ ಬೇರು ಎಲ್ಲಿ ಅದ? ಬೇನಿ ನೆಲಕ್ಕ ಹ್ಯಾಂಗ ಇಳೀತದ?" ಎಂದಳು ಅಮ್ಮಿ.

"ಹಸಿರಂದ್ರ ಹಸಿರಽ. ಅಲ್ಲಾಗ ಗೊತ್ತಾಗ್ತದ. ನೀ ಸುಮ್ಕಿರು."

ನೂರ್ ಆಪಾ ಅಬ್ಬಾನ ಭುಜ ಹಿಡಿದು ನಡೆದಳು. ಹಿಂದಿನಿಂದ ಮೋತಿ ಆಕೆ ತುಳಿದ ಮೇವನ್ನೆಲ್ಲ ತಿನ್ನುತ್ತ ಬಂತು. "ಅಬ್ಬಾ, ಮೋತಿ ನನ್ನ ದವಾ ತಿನ್ನಾಕತ್ತದ!" ಎಂದು ಆಪಾ ನಕ್ಕಳು. ನಕ್ಕು ನಕ್ಕು ಉಸಿರು ಸಿಕ್ಕಿ ಕೂತುಬಿಟ್ಟಳು. ನಾವೂ ನಕ್ಕೆವು. ಅಮ್ಮಿ ನಗಲಿಲ್ಲ.

ಮೊದಲ ಮಳೆಗೆ ಗುಡ್ಡ ಹಸಿರಾಗುವ ಹೊತ್ತಿಗೆ ನೂರ್ ಆಪಾ ಇರಲಿಲ್ಲ.

ಡಾಕ್ಟರರ ಮಾತು ಅಮ್ಮಿಯ ಕಿವಿಗೆ ಹೋಗಿಯೇ ಇರಲಿಲ್ಲವೇನೋ. "ಬೇರಿಲ್ಲದ ಹುಲ್ಲು ತುಳಿಸಿದಿ," ಎಂದು ಅಬ್ಬಾನಿಗೆ ಅಂದಳು, ಒಂದು ದಿನವಲ್ಲ, ಅವನಿರುವ ತನಕ. ಅಬ್ಬಾ ಒಮ್ಮೆಯೂ ಎದುರಾಡಲಿಲ್ಲ. ಅವನೂ ಅದನ್ನು ನಂಬಿದ್ದ ಎಂದು ನನಗೆ ತಿಳಿದದ್ದು ಅವನ ಕೊನೆಯ ಬೇನೆಯಲ್ಲಿ. "ಇನ್ನಷ್ಟು ಹುಡುಕಬೇಕಿತ್ತು," ಎಂದು ಗೋಡೆಯ ಕಡೆ ಮುಖ ಮಾಡಿ ಹೇಳಿದ್ದ. ನಾವು ಮತ್ತೆ ಅಡವಿಗೆ ಹೋಗಲಿಲ್ಲ. ಮೋತಿ ಹೋಯಿತು, ಟಾಂಗಾಗಳೂ ಹೋದವು.

ಒಂದು ಸುತ್ತು ತಿರುಗಿ ಈಗ ಆ ಬುಧವಾರ ಮತ್ತೆ ಮಳೆಗಾಲಕ್ಕೇ ಬಂದಿದೆ. ಈ ಸಲ ಅಮ್ಮಿ ತಾನಾಗಿ, "ನಡಿ, ಹೋಗಿ ಬರೂಣು," ಎಂದಳು. ಆಟೋದಲ್ಲಿ ಹೋದೆವು. ಅಡವಿಗೆ ಸುತ್ತಲೂ ತಂತಿಬೇಲಿ, ಗೇಟಿಗೆ ಬೀಗ. ಒಳಗೆ ಮೊಳಕಾಲುದ್ದ ಹುಲ್ಲು, ತುಳಿಯುವವರಿಲ್ಲ.

"ಸಸಿ ಹಚ್ಯಾರ, ಒಳಗ ಬಿಡಂಗಿಲ್ರೀ ಅಮ್ಮಾ," ಎಂದ ಕಾವಲುಗಾರ. ಪಾಪ, ಮೆತ್ತಗೇ ಹೇಳಿದ.

ಅಮ್ಮಿ ಬೇಲಿಯ ಬುಡದಲ್ಲಿ ಕುಳಿತಳು. ತಂತಿಯ ಸಂದಿಯಲ್ಲಿ ಕೈ ತೂರಿಸಿ ಒಂದು ಹಿಡಿ ಹುಲ್ಲು ಜಗ್ಗಿದಳು. ಹಸಿ ಮಣ್ಣಿನ ಸಮೇತ ಕಿತ್ತುಬಂತು.

"ನೋಡು, ಬೇರು ಅದ," ಎಂದು ನನಗೆ ತೋರಿಸಿದಳು.

ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದಳು. ಅದನ್ನು ತುಳಿಯಬೇಕಾದವಳೂ ಇರಲಿಲ್ಲ, ಅದನ್ನು ತೋರಿಸಬೇಕಾದವನೂ ಇರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಬಾಡಿತ್ತು.