ಖಾಲಿ ಡಿಸ್ಕು, ಖಾಲಿ ಚಂದ್ರಿಕೆ

ನನಗೆ ಅನುಮಾನ ಸ್ವಲ್ಪ ಜಾಸ್ತಿಯೇ. ಯಾರಾದರೂ "ಇದು ಸುಮ್ಮನೆ ಬಿದ್ದಿದೆಯಲ್ಲ" ಅಂದರೆ ಸಾಕು, ಇವನು ಅದಕ್ಕೆ ಕಣ್ಣು ಹಾಕಿದ್ದಾನೆ ಅಂತಲೇ ನನ್ನ ಲೆಕ್ಕ.

ಅಕ್ಕೂರಿನ ಮನೆಯಲ್ಲಿ ಕೂತು ನಾನು ದೂರದ ಒಂದು ಮೇನ್‌ಫ್ರೇಮ್ ಕಂಪ್ಯೂಟರನ್ನು ನೋಡಿಕೊಳ್ಳುತ್ತೇನೆ. ಅದರ ಮೆಮೊರಿ ತುಂಬಿದಾಗ, ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಆ ಜಾಗಕ್ಕೆ ಪೇಜಿಂಗ್ ಡಿಸ್ಕು ಅನ್ನುತ್ತೇವೆ. ಅದು ಎಷ್ಟಿರಬೇಕು ಅಂತ ಹೇಳುವುದು ನನ್ನ ಕೆಲಸ. ಮಾಮೂಲಿ ದಿನಗಳಲ್ಲಿ ಮುಕ್ಕಾಲು ಪಾಲು ಖಾಲಿಯೇ ಇರುತ್ತದೆ, ಇರಲೂಬೇಕು. ಪೂರ್ತಿ ತುಂಬಿತೋ, ಯಂತ್ರವೇ ನಿಂತುಹೋಗುತ್ತದೆ.

ಈ ಬೇಸಿಗೆಯಲ್ಲಿ ಡಿಸ್ಕು ಹಂಚುವ ವಿಭಾಗದವನೊಬ್ಬ ಫೋನ್ ಮಾಡಿದ. "ವರ್ಷದ ಸರಾಸರಿ ನೋಡಿದೆ ಮೇಡಂ. ನಿಮ್ಮದು ಅರ್ಧಕ್ಕಿಂತ ಹೆಚ್ಚು ಸುಮ್ಮನೆ ಬಿದ್ದಿದೆ. ಅದನ್ನ ನಿಮಗೂ ಪಕ್ಕದ ಸಿಸ್ಟಮ್ಮಿಗೂ ಸೇರಿಸಿ ಇಟ್ಟುಬಿಡೋಣ. ಯಾರಿಗೆ ಬೇಕೋ ಅವರು ಆವತ್ತು ತಗೊಂಡರಾಯಿತು."

ಎಷ್ಟು ನಯ! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಆಗಲ್ಲ ಅಂದೆ. "ಹಾಗಾದ್ರೆ ಸೋಮವಾರದೊಳಗೆ ಕಾರಣ ಬರೆದು ಕಳಿಸಿ" ಅಂದ. ಬರೆಯಲು ಕೂತರೆ ಸಿಟ್ಟು ಬಂತೇ ಹೊರತು ಕಾರಣ ಬರಲಿಲ್ಲ.

ಅದೇ ವಾರ ಅತ್ತೆಯ ರೇಷ್ಮೆಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುತ್ತಿದ್ದವು. ಬಲಿತು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು, ಹೆಚ್ಚಿಗೆಯವು, ಶೆಡ್ಡಿನಲ್ಲಿ ಗೋಡೆಗೆ ಒರಗಿದ್ದವು. ಅತ್ತೆ ತೋಟಕ್ಕೆ ಹೋಗಿದ್ದಾಗ ಪಕ್ಕದ ಮನೆಯ ಚಿಕ್ಕಪ್ಪ ಬಂದರು. ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಅಂಗಳದಲ್ಲೇ ನಿಂತರು.

"ನಮ್ಮ ಹುಳಕ್ಕೆ ಒಸಿ ಚಂದ್ರಿಕೆ ಕೊಡವ್ವ, ನಮ್ಮವು ರಿಪೇರಿಗೋಗವೆ, ನಾಡಿದ್ದು ಬಂದೇಟ್ಗೆ ತಂದ್ಕೊಡ್ತೀನಿ. ಎಂಗೂ ಸುಮ್ನೆ ಬಿದ್ದವೆ."

ನಾನು ಮೀಟಿಂಗಿನಲ್ಲಿದ್ದೆ. ಮೊಳೆಯಲ್ಲಿ ತೂಗುತ್ತಿದ್ದ ಶೆಡ್ಡಿನ ಬೀಗದ ಕೈ ಕೊಟ್ಟುಬಿಟ್ಟೆ. ಇದ್ದಬದ್ದ ಅನುಮಾನವೆಲ್ಲ ಆಫೀಸಿನವನ ಮೇಲೆಯೇ ಖರ್ಚಾಗಿತ್ತು.

ಅತ್ತೆ ಬಂದು ಖಾಲಿ ಶೆಡ್ಡು ನೋಡಿದರು. "ಅಯ್ಯೋ, ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ? ಸೆಕೆ ಎಂಗೈತೆ ನೋಡು, ಹುಳ ಬಿರ್ರನೆ ಹಣ್ಣಾಗ್ಬುಡ್ತವೆ."

"ಇನ್ನೂ ನಾಕು ದಿನ ಐತಲ್ಲ ಅತ್ತೆ" ಅಂತ ನಕ್ಕೆ.

ಮರುದಿನ ಬೆಳಿಗ್ಗೆ ಹುಳುಗಳು ಸೊಪ್ಪು ಮುಟ್ಟಲಿಲ್ಲ. ಮೈಯೆಲ್ಲ ಹಣ್ಣಾಗಿ, ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಮನೆಯಲ್ಲಿ ಉಳಿದಿದ್ದ ಚಂದ್ರಿಕೆಗಳು ಮಧ್ಯಾಹ್ನದೊಳಗೆ ತುಂಬಿದವು. ನಾನು ಪಕ್ಕದ ಮನೆಗೆ ಓಡಿದೆ. ಈ ಮನುಷ್ಯ ಬೇಕಂತಲೇ ಇಟ್ಟುಕೊಂಡಿದ್ದಾನೆ, ಇವತ್ತು ಬಿಡಬಾರದು ಅಂತ ದಾರಿಯುದ್ದಕ್ಕೂ ಹಲ್ಲು ಕಡಿದೆ. ಹೋಗಿ ನೋಡಿದರೆ ಅವರ ಅಂಗಳದ ನೆರಳಲ್ಲಿ ನಮ್ಮ ಒಂದೊಂದು ಚಂದ್ರಿಕೆಯ ತುಂಬ ಅವರ ಹುಳುಗಳು, ಆಗಲೇ ಎಳೆ ಬಿಡುತ್ತಿದ್ದವು. ಚಿಕ್ಕಪ್ಪ ಬೆವರು ಸುರಿಸುತ್ತಾ ಮಂಡಿಯೂರಿ ಹುಳು ಆರಿಸುತ್ತಿದ್ದರು.

"ನಮ್ಮವೂ ಇವತ್ತೇ ಹಣ್ಣಾಗ್ಬುಟ್ಟೋ ಕಣವ್ವ. ಬಿಸ್ಲು ನಿಮ್ಗೊಂದು ನಮ್ಗೊಂದಾ? ಈಗ ಎಂಗವ್ವ ಕೀಳ್ಲಿ?"

ಬರಿಗೈಯಲ್ಲಿ ವಾಪಸು ಬಂದೆ. ಅತ್ತೆ ಒಣ ಕಡ್ಡಿ, ತೆಂಗಿನ ಗರಿ, ಪೊರಕೆ, ಕೈಗೆ ಸಿಕ್ಕಿದ್ದನ್ನೆಲ್ಲ ಹರಡಿದ್ದರು. ಎಷ್ಟೋ ಹುಳುಗಳು ಗೂಡು ಕಟ್ಟಲಾಗದೆ ಚಾಪೆಯ ಮೇಲೆಯೇ ಎಳೆ ಚೆಲ್ಲಿ ಸತ್ತವು. "ಮಕ್ಳ ಸಾಕ್ದಂಗೆ ಸಾಕಿದ್ನಲ್ಲವ್ವ" ಅಂದರು ಅತ್ತೆ. ಬೈದಿದ್ದರೆ ಚೆನ್ನಾಗಿತ್ತು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಸೋಮವಾರ ಆಫೀಸಿನವನಿಗೆ ಒಂದೇ ಸಾಲು ಬರೆದೆ: ನಮ್ಮ ಸಿಸ್ಟಮ್ಮಿಗೂ ಪಕ್ಕದ್ದಕ್ಕೂ ತಿಂಗಳ ಕೊನೆಯ ಲೆಕ್ಕದ ಭಾರ ಒಂದೇ ದಿನ ಬರುತ್ತದೆ, ಖಾಲಿ ಜಾಗ ಎರಡಕ್ಕೂ ಆವತ್ತೇ ಬೇಕು. "ಇದನ್ನ ಮೊದಲೇ ಹೇಳಬಾರದಿತ್ತಾ ಮೇಡಂ?" ಅಂತ ಉತ್ತರ ಬಂತು. ಡಿಸ್ಕು ನಮಗೇ ಉಳಿಯಿತು.

ಈಗ ಮುಂದಿನ ಬೆಳೆಯ ಹುಳು ಬಂದಿವೆ. ಚಿಕ್ಕಪ್ಪ ಮಾಮೂಲಿನಂತೆ ಅಂಗಳಕ್ಕೆ ಬರುತ್ತಾರೆ, ಅತ್ತೆ ಕಾಫಿ ಕೊಡುತ್ತಾರೆ. ಶೆಡ್ಡಿನ ಬೀಗದ ಕೈ ಮಾತ್ರ ಮೊದಲಿನ ಮೊಳೆಯಲ್ಲಿಲ್ಲ, ಅತ್ತೆಯ ಸೊಂಟದಲ್ಲಿದೆ. ನಾನು ಶೆಡ್ಡಿನ ಕಡೆ ಹೋದಾಗಲೆಲ್ಲ ಅವರ ಕೈ ಅದನ್ನು ಮುಟ್ಟಿ ನೋಡಿಕೊಳ್ಳುತ್ತದೆ.