ಕಾಂಟೆಸ್ಸಾದ ಕ್ಲಚ್ ಸುಟ್ಟವರು ಯಾರು?

ಇವತ್ತು ಬೆಳಿಗ್ಗೆ ಹೆಬ್ಬಾಳ ಫ್ಲೈಓವರ್‌ನ ಏರಿನಲ್ಲಿ ಸಿಕ್ಕಿಕೊಂಡಿದ್ದಾಗ ಪಕ್ಕದ ಕಾರಿನಿಂದ ಕ್ಲಚ್ ಸುಟ್ಟ ವಾಸನೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರೇನೋ. ನಾನು ಒಂದು ಉಸಿರು ಹೆಚ್ಚಾಗಿಯೇ ಎಳೆದುಕೊಂಡೆ. ನನ್ನ ಮೇಲಿನ ದೊಡ್ಡ ಅಪವಾದವೊಂದು ಹುಟ್ಟಿದ್ದು ಇದೇ ವಾಸನೆಯಲ್ಲಿ.

ಮೂರು ವರ್ಷದ ಹಿಂದಿನ ಮಾತು. ಅಪ್ಪನ ಹಳೆಯ ಕಾಂಟೆಸ್ಸಾ ಕಾರು ನಮ್ಮ ಯಲಹಂಕದ ಮನೆಯಲ್ಲಿ ನನಗಿಂತ ಹೆಚ್ಚು ಮುದ್ದಿನಿಂದ ಬೆಳೆದದ್ದು. ಅಷ್ಟುದ್ದದ ಬಾನೆಟ್, ಗುಡುಗುವ ಎಂಜಿನ್. ಧಾರವಾಡದಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದ ಅಪ್ಪ ಅದರಲ್ಲಿ ಕೂತರೆ ಫ್ಯಾಕ್ಟರಿಯ ಮಾಲೀಕರೇ. ಕಾಲೇಜಿನಲ್ಲಿ ಪಾಠ ಹೇಳುವ, ನಲವತ್ತು ದಾಟಿದ ಮಗಳಿಗೆ ಅದರ ಸ್ಟೀರಿಂಗ್ ಸಿಕ್ಕಿದ್ದು ಅವರ ಮೊಣಕಾಲು ಸೋತ ಮೇಲೆ. ಮೊದಲ ದಿನವೇ, ಇದೇ ಏರಿನಲ್ಲಿ, ಹೊಗೆ ಎದ್ದು ಗಾಡಿ ನಿಂತುಬಿಟ್ಟಿತು.

“ಮೊದಲನೇ ದಿನಾನ ನನ್ನ ಗಾಡಿ ಸುಟ್ಟಿ!” ಎಂದರು ಅಪ್ಪ. ಕ್ಲಚ್ ಮೊದಲೇ ಹೋಗಿತ್ತು ಎಂದು ನಾನು ಗೊಣಗಿದರೆ, “ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ” ಎಂಬ ಉತ್ತರ. ಆಮೇಲೆ ನಾಲ್ಕು ಜನ ನೆಂಟರು ಸೇರಿದಲ್ಲೆಲ್ಲ ಇದೇ ಕಥೆ. ಗಾಡಿ ಮಾರಿಬಿಡುವುದೆಂದೂ ತೀರ್ಮಾನವಾಯಿತು. ಕೈಕಾಲು ಹಿಡಿದು ಒಪ್ಪಿಸಿದೆ: ರಿಪೇರಿ ಮಾಡಿಸುತ್ತೇನೆ, ಅದೇ ಏರು ಹತ್ತಿಸುತ್ತೇನೆ, ಮತ್ತೆ ನಿಂತರೆ ಕೀಲಿ ಮುಟ್ಟುವುದಿಲ್ಲ.

ಯಶವಂತಪುರದ ಮೆಕ್ಯಾನಿಕ್ ರಹಮತ್ ಭಾಯ್ ಬಳಿ ಹೋದೆ. ನಾಲ್ಕು ದಿನ ಇಂಟರ್ನೆಟ್ ಓದಿ ಪಂಡಿತೆಯಾಗಿದ್ದ ನಾನು, ಫ್ಲೈವೀಲನ್ನು, ಅಂದರೆ ಎಂಜಿನ್ನಿನ ಹಿಂದೆ ತಿರುಗುವ ಆ ಭಾರದ ಚಕ್ರವನ್ನು, ಹಗುರ ಮಾಡಿಸಿಕೊಡಿ ಎಂದೆ.

“ರೇಸಿಗೆ ಹೋಗ್ತೀರಾ ಮೇಡಂ?”

“ಇಲ್ಲ, ಕಾಲೇಜಿಗೆ.”

“ಹಂಗಾದ್ರೆ ಭಾರಾನೇ ಇರ್ಲಿ. ಹಗುರ ಮಾಡಿದ್ರೆ ಏರಲ್ಲಿ ಪಟಕ್ ಅಂತ ಆಫ್ ಆಗ್ಬಿಡುತ್ತೆ.”

ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಭಾರದ್ದೇ ಒಂದು ಹೊಸ ಫ್ಲೈವೀಲು, ಅದಕ್ಕೆ ಹೊಂದುವ ದೊಡ್ಡ ಕ್ಲಚ್ ಪ್ಲೇಟು ಎಂದು ನಿಶ್ಚಯವಾಯಿತು.

ಗೇರ್‌ಬಾಕ್ಸ್ ಇಳಿಸಿದ ದಿನ ಅಪ್ಪನೂ ಬಂದಿದ್ದರು. ಹಳೆಯ ಫ್ಲೈವೀಲಿನ ಮೈತುಂಬ ಕಾದು ಎದ್ದ ನೀಲಿ ಕಲೆ, ಕೂದಲೆಳೆಯಂಥ ಬಿರುಕುಗಳು. ರಹಮತ್ ಭಾಯ್ ಅದರ ಮೇಲೆ ಉಗುರು ಆಡಿಸಿ, “ಇದು ಒಂದ್ ದಿನದ್ದಲ್ಲ ಮೇಡಂ, ಹತ್ತು ಹದಿನೈದು ವರ್ಷದ್ದು. ಯಾರೋ ಏರಲ್ಲಿ ಹ್ಯಾಂಡ್ ಬ್ರೇಕ್ ಹಾಕ್ದೆ ಹಾಫ್ ಕ್ಲಚ್ಚಲ್ಲೇ, ಪೆಡಲ್ ಅರ್ಧ ಒತ್ಕೊಂಡೇ, ಗಾಡಿ ನಿಲ್ಸಿದ್ದಾರೆ” ಎಂದರು.

ಆ ಯಾರೋ ನನ್ನ ಪಕ್ಕದಲ್ಲೇ ನಿಂತು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಹ್ಯಾಂಡ್ ಬ್ರೇಕ್ ಇರುವುದು ಹೆದರುಪುಕ್ಕಲರಿಗೆ ಎಂಬುದು ಅಪ್ಪನ ಜೀವನಸಿದ್ಧಾಂತ. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಅಪ್ಪ ಬಿದ್ದರೂ ಮೀಸೆ ಮಣ್ಣಾಗದವರು. “ಕಬ್ಬಿಣಕ್ಕ ಕಲೆ ಆಗೂದ ಮತ್ತ” ಎಂದು ಚಹಾ ಕುಡಿಯಲು ಹೊರಟುಹೋದರು.

ಗಾಡಿ ಸಿದ್ಧವಾದ ದಿನ ಅವರನ್ನು ಎಡಗಡೆ ಕೂರಿಸಿಕೊಂಡು ಕೆಂಪಾಪುರ ದಾಟಿದೆ. ಹೆಬ್ಬಾಳದ ಅದೇ ಏರಿನ ನಟ್ಟನಡುವೆ ಟ್ರಾಫಿಕ್ ನಿಂತಿತು, ಹಿಂದೆ ಬಸ್ಸು. ಹ್ಯಾಂಡ್ ಬ್ರೇಕ್ ಎಳೆದೆ. ಮುಂದಿನವರು ಕದಲಿದಾಗ ಕ್ಲಚ್ ಮೆಲ್ಲಗೆ ಬಿಟ್ಟೆ. ಅದು ಗಟ್ಟಿಯಾಗಿ ಹಿಡಿಯಿತು, ಬ್ರೇಕ್ ಇಳಿಸಿದೆ, ಗಾಡಿ ಒಂದಿಂಚೂ ಹಿಂದೆ ಜಾರದೆ ಆನೆಯ ಹಾಗೆ ಹತ್ತಿತು. ಮೇಲೆ ತಲುಪಿ ಸುಮ್ಮನೆ ಒಂದು ಹಾರ್ನ್ ಹೊಡೆದೆ. ಅಷ್ಟು ಖುಷಿ ನನಗೆ ಪಿಎಚ್‌ಡಿ ಬಂದಾಗಲೂ ಆಗಿರಲಿಲ್ಲ. ಅಪ್ಪ “ಹೂಂ” ಎಂದರು. ಮಾರುವ ಮಾತು ನಿಂತಿತು. ನೆಂಟರ ಮುಂದೆ ಹೇಳುವ ಕಥೆ ಮಾತ್ರ ನಿಲ್ಲಲಿಲ್ಲ.

ಇವತ್ತಿನವರೆಗೆ. ವಾಸನೆ ಮೂಗಿಗೆ ಬಡಿದದ್ದೇ ಪಕ್ಕದಲ್ಲಿ ಕೂತಿದ್ದ ಅಪ್ಪ ಕಾಂಟೆಸ್ಸಾದ ಕಿಟಕಿ ಇಳಿಸಿದರು. ಎಡ ಸಾಲಿನ ಕಾರಿನಲ್ಲಿದ್ದ ಟೈ ಕಟ್ಟಿದ ಯುವಕ ಆಕ್ಸಿಲರೇಟರ್ ಒತ್ತಿ ಒತ್ತಿ ಗಾಡಿ ತೂಗಾಡಿಸುತ್ತಿದ್ದ.

“ತಮ್ಮಾ, ಹ್ಯಾಂಡ್ ಬ್ರೇಕ್ ಹಾಕೋ! ನಾನೂ ಹಿಂಗ ಮಾಡೇ ಈ ಗಾಡೀದು ಕ್ಲಚ್ ಸುಟ್ಟೀನಿ!”

ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಭಾಳ ಗದ್ದಲ ಐತಿ ಅಪ್ಪಾ, ಸರಿಯಾಗಿ ಕೇಳಿಸ್ಲಿಲ್ಲ,” ಎಂದೆ. “ಇನ್ನೊಮ್ಮೆ ಹೇಳ್ರಿ.”