ಒಂದೂವರೆ ಇಂಚು ಮಾರ್ಜಿನ್

ವಕೀಲರ ಪ್ಯಾಂಟಿನ ಉದ್ದ ಅಳೆಯಲು ಮಾಸ್ಟರು ಒಂದು ಮೊಣಕಾಲೂರಿ ಕೂತಾಗ, ಅಂಗಡಿಯೊಳಗೆ ಯಾರೋ ಹೊಸ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹರಿದಂಥ ಸದ್ದಾಯಿತು. ಮೂವತ್ತೊಂದು ವರ್ಷದಿಂದ ದಿನಕ್ಕೆ ಹತ್ತು ಸಲ ಆ ಸದ್ದು ಕೇಳಿದ ಕಿವಿ ಅದು. ಹಾಗಾಗಿ ಅವರು ಮೊದಲು ಬಟ್ಟೆ ಕತ್ತರಿಸುವ ಮೇಜಿನ ಕಡೆಗೇ ತಿರುಗಿ ನೋಡಿದರು. ಮೇಜಿನ ಹತ್ತಿರ ಯಾರೂ ಇರಲಿಲ್ಲ. ಆಮೇಲೆ ಹಿಂಭಾಗಕ್ಕೆ ಫ್ಯಾನಿನ ಗಾಳಿ ತಗುಲಿತು.

ಮಗಳ ಸ್ಕರ್ಟಿಗೆ ಜಿಪ್ ಹಾಕಿಸಲು ಬಂದಿದ್ದ ನರ್ಸಮ್ಮ ಚಾವಣಿಯ ಕಡೆ ನೋಡಿ ಅಲ್ಲಿ ಏನೋ ಓದತೊಡಗಿದರು. ಮೂಲೆಯಲ್ಲಿ ಕೂತು ಶರ್ಟುಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸೂಜಿ ಮಾತ್ರ ಒಂದು ಕ್ಷಣ ನಿಂತಿತು. ವಕೀಲರು ಅಡ್ಡಪ್ರಶ್ನೆಯಲ್ಲಿ ಅನ್ನ ಕಂಡವರು. ಬಗ್ಗಿ ನೋಡಿ, "ಇದನ್ನ ಯಾರ ಹತ್ರ ಹೊಲಿಸಿದ್ರಿ ಮಾಸ್ಟ್ರೇ?" ಎಂದರು.

ಟೇಪನ್ನು ವಕೀಲರ ಕೈಗೇ ಕೊಟ್ಟು ಮಾಸ್ಟರು ಗೋಡೆಗೆ ಬೆನ್ನು ಹಚ್ಚಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದು ಪರದೆಯ ಹಿಂದೆ ಸೇರಿದರು.

ಗಿರಾಕಿಗಳು ಬಟ್ಟೆ ಹಾಕಿ ನೋಡುವ ಆ ಎರಡಡಿ ಜಾಗದಲ್ಲಿ ಅವರು ಪ್ಯಾಂಟು ಬಿಚ್ಚಿ ಒಳಮೈ ತಿರುಗಿಸಿ ನೋಡಿದರು. ಟೈಲರುಗಳು ಹಿಂಭಾಗದ ಹೊಲಿಗೆಯ ಒಳಗೆ ಒಂದೂವರೆ ಇಂಚು ಬಟ್ಟೆಯನ್ನು ಹೆಚ್ಚಿಗೆ ಬಿಟ್ಟು ಮಡಿಚಿಟ್ಟಿರುತ್ತಾರೆ. ಅದಕ್ಕೆ ಮಾರ್ಜಿನ್ ಅನ್ನುತ್ತಾರೆ. ಗಿರಾಕಿ ಮುಂದೆ ದಪ್ಪಗಾದರೆ ಹಳೆಯ ಹೊಲಿಗೆ ಬಿಚ್ಚಿ ಅಷ್ಟು ಸಡಿಲ ಮಾಡಿಕೊಡಬಹುದು. ಮಾಸ್ಟರ ಪ್ಯಾಂಟಿನಲ್ಲಿ ಆ ಒಂದೂವರೆ ಇಂಚು ಕಾಣೆಯಾಗಿತ್ತು. ಅದರ ಬದಲು ಸೂಜಿ ತೂತುಗಳ ಐದು ಸಾಲುಗಳಿದ್ದವು. ಒಂದು ಸಾಲಿನಲ್ಲಿ ನೀಲಿ ದಾರದ ಚೂರು, ಇನ್ನೊಂದರಲ್ಲಿ ಕಂದು, ಮತ್ತೊಂದರಲ್ಲಿ ಯಾವುದೋ ಶಾಲೆಯ ಹಸಿರು. ಆಯಾ ದಿನ ಮೆಷಿನ್ನಿಗೆ ಯಾವ ದಾರ ಏರಿತ್ತೋ ಅದರಲ್ಲೇ, ಎರಡು ಗಿರಾಕಿಗಳ ನಡುವೆ, ಅವರು ತಮ್ಮ ನಡುವನ್ನು ಸಡಿಲ ಮಾಡಿಕೊಳ್ಳುತ್ತ ಬಂದಿದ್ದರು. ಐದರಲ್ಲಿ ಒಂದು ಸಲದ್ದೂ ನೆನಪಿಗೆ ಬರಲಿಲ್ಲ. ಹೊಲಿಗೆ ಬಿಟ್ಟಿರಲಿಲ್ಲ, ಬಟ್ಟೆ ಮುಗಿದಿತ್ತು.

ಬೇರೆಯವರಿಗೆ ತಾವು ದಪ್ಪಗಾದದ್ದು ಗೊತ್ತಾಗುತ್ತದೆ. ಗುಂಡಿ ಹಾರುತ್ತದೆ, ಕೂತರೆ ಉಸಿರು ಕಟ್ಟುತ್ತದೆ, ಕೊನೆಗೆ ಪ್ಯಾಂಟನ್ನು ಚೀಲದಲ್ಲಿ ಮುಚ್ಚಿಕೊಂಡು ತಂದು, ಒಗೆದಾಗ ಕುಗ್ಗಿತು ಎಂದು ಟೈಲರಿಗೆ ಸುಳ್ಳು ಹೇಳಬೇಕಾಗುತ್ತದೆ. ಮಾಸ್ಟರಿಗೆ ಆ ನಾಚಿಕೆಯ ಭಾಗ್ಯ ಒದಗಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರೆ, ಇವರು ಹೊಟ್ಟೆ ಬಂದಷ್ಟು ಬಟ್ಟೆ ಚಾಚಿದ್ದರು. ಹೊಟ್ಟೆಪಾಡಿಗೆ ಹಿಡಿದ ಕಸುಬು ಹೊಟ್ಟೆಗೇ ಹೀಗೆ ಸೌಕರ್ಯ ಮಾಡಿಕೊಟ್ಟಿತ್ತು.

ಇಷ್ಟೇ ಆಗಿದ್ದರೆ ಹೊಸ ಪ್ಯಾಂಟು ಹೊಲಿದುಕೊಂಡು ಮರೆಯಬಹುದಿತ್ತು. ಆದರೆ ಅದೇ ತಿಂಗಳು ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಗತೊಡಗಿತ್ತು. ಮಾಸ್ಟರು ಮೊದಲು ದಾರವನ್ನು ಬೈದರು. ಆಮೇಲೆ ಮೆಷಿನ್ನಿನ ಬಲ್ಬು ಬದಲಿಸಿದರು. ಕನ್ನಡಕವನ್ನೂ ಬದಲಿಸಿದರು. ಕಡೆಗೆ ಕಾಜಾ ಅಕ್ಕ, ಯಾರೂ ಕೇಳದಿದ್ದರೂ, ಬೆಳಿಗ್ಗೆ ಬಂದ ಕೂಡಲೇ ಎರಡೂ ಮೆಷಿನ್ನಿಗೆ ದಾರ ಪೋಣಿಸಿಟ್ಟು ತನ್ನ ಮೂಲೆಗೆ ಹೋಗಿ ಕೂರತೊಡಗಿದಳು. ಅವಳು ಮಾಸ್ಟರಿಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೂ ಬೀದಿಗೆಲ್ಲ ಅಕ್ಕ, ಮಾಸ್ಟರಿಗೂ ಅಕ್ಕ. ಸೂಜಿಗೆ ಕಣ್ಣಿದ್ದರೆ ಸಾಲದು, ಎದುರಿಗಿದ್ದವನಿಗೂ ಇರಬೇಕು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿರಬಹುದು.

ಮಾಸ್ಟರ ಹೆಂಡತಿ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುವ ಕೆಲಸದವರು. ಅರ್ಧ ದಿನ ರಜೆ ಹಾಕಿ ಗಂಡನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಕಣ್ಣಿನ ಹಿಂಭಾಗದ ಫೋಟೊ ತೆಗೆದು ತೋರಿಸಿದರು: ಕಿತ್ತಳೆ ಬಣ್ಣದ ಒಂದು ದುಂಡಗಿನ ಚಿತ್ರ, ಅದರ ಮೇಲೆ ಸಣ್ಣ ಕೆಂಪು ಚುಕ್ಕಿಗಳು. ಮಾಸ್ಟರಿಗೆ ಒಗೆದಾಗ ಬಣ್ಣ ಬಿಡುವ ಅಗ್ಗದ ಬಟ್ಟೆ ನೆನಪಾಯಿತು. ಆರು ವರ್ಷದಿಂದ ಮೈಯಲ್ಲಿರುವ ಸಕ್ಕರೆ ಕಾಯಿಲೆ ಈಗ ಕಣ್ಣಿಗೆ ಬಂದಿದೆ, ಮಾತ್ರೆಯೊಂದೇ ಸಾಲದು, ತೊಂಬತ್ತಾರು ಕಿಲೊ ಇರುವ ತೂಕ ಇಳಿಯಬೇಕು ಎಂದು ಡಾಕ್ಟರಮ್ಮ ವಿವರಿಸಿದರು. ಈಗಿನ ಮಸುಕು ಸಕ್ಕರೆಯ ಏರಿಳಿತದ್ದು, ಹತೋಟಿಗೆ ಬಂದರೆ ಕಡಿಮೆಯಾಗಬಹುದು. ಚುಕ್ಕಿಗಳ ಮಾತೇ ಬೇರೆ.

"ಇರೋ ಚುಕ್ಕಿ ಅಳಿಸ್ತೀನಿ ಅಂತ ನಾನು ಮಾತು ಕೊಡಲ್ಲ," ಎಂದರು. "ಹೊಸದು ಬರದ ಹಾಗೆ ನೀವು ನೋಡ್ಕೋಬೇಕು. ತೂಕ ಇಳಿಸೋದು ಎಲ್ಲರಿಗೂ ಬರುತ್ತೆ. ಇಳಿದ ಮೇಲೆ ಅಲ್ಲೇ ಇಟ್ಕೊಳ್ಳಿ, ಅದು ಕೆಲಸ."

ಇಳಿಸುವುದು ಮಾಸ್ಟರಿಗೂ ಬರುತ್ತಿತ್ತು. ಒಮ್ಮೆ ಒಂಬತ್ತು ದಿನ ಬರೀ ಸೌತೆಕಾಯಿ ತಿಂದು, ಹತ್ತನೆಯ ದಿನ ಗಿರಾಕಿಯೊಬ್ಬರ ಕೋಟಿಗೆ ಎರಡೂ ಎಡತೋಳು ಕೂಡಿಸಿದ್ದರು. ಇನ್ನೊಮ್ಮೆ ಹೆಂಡತಿಯ ತಮ್ಮ ಡಬ್ಬಿಯ ಪುಡಿಯೊಂದನ್ನು ತಂದು, "ಭಾವ, ಬೆಳಿಗ್ಗೆ ಇದನ್ನ ಕುಡೀರಿ, ಊಟಾನೇ ಬೇಡ ಅನ್ಸುತ್ತೆ" ಎಂದು ಕೊಟ್ಟಿದ್ದ. ಪುಡಿ ಕುಡಿದು ಮಾಸ್ಟರು ಊಟವನ್ನೂ ಮಾಡುತ್ತಿದ್ದರು. ಆರು ಕಿಲೊ ಹೋಗಿ ಎಂಟು ಕಿಲೊ ವಾಪಸು ಬಂದಿತ್ತು. ಹೋದವರು ಬರುವಾಗ ನೆಂಟರನ್ನೂ ಕರೆದುಕೊಂಡು ಬಂದ ಹಾಗೆ. ಅಳೆಯುವುದರಲ್ಲಿ ಅವರಷ್ಟು ಪಳಗಿದವರು ಆ ಬೀದಿಯಲ್ಲಿರಲಿಲ್ಲ. ತೂಗುವುದು ಮಾತ್ರ ಕಲಿತಿರಲಿಲ್ಲ.

ಈ ಸಲ ಪುಡಿಯಿಲ್ಲ, ಸೌತೆಕಾಯಿ ವ್ರತವೂ ಇಲ್ಲ ಎಂದು ಹೆಂಡತಿ ಹೇಳಿದರು. ಮೊದಲು ಚಹಾದ ವಿಚಾರಣೆ ನಡೆಯಿತು. ಅಂಗಡಿಗೆ ಬಂದ ಗಿರಾಕಿಗೊಂದು ಚಹಾ ತರಿಸುವುದು, ಅವರೊಬ್ಬರೇ ಕುಡಿದರೆ ಚೆನ್ನಾಗಿರುವುದಿಲ್ಲವೆಂದು ತಾವೂ ಕುಡಿಯುವುದು ಮಾಸ್ಟರ ರೂಢಿ. ದಿನಕ್ಕೆ ಒಂಬತ್ತು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಹೆಂಡತಿ ಹದಿನೆಂಟು ಚಮಚ ಸಕ್ಕರೆಯನ್ನು ಬಟ್ಟಲಿಗೆ ಸುರಿದು ಗಂಡನ ಮುಂದಿಟ್ಟು ಸುಮ್ಮನೆ ಕೂತರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವರು ಬಾಯಿ ಬಿಡದೆ ಗೆದ್ದ ವಾದ ಅದೊಂದೇ.

ಮೊದಲ ತಿಂಗಳು ಚಹಾ ಮೂರಕ್ಕಿಳಿಯಿತು, ಸಕ್ಕರೆಯಿಲ್ಲದೆ. ಎರಡನೆಯ ತಿಂಗಳು ತಟ್ಟೆ ಬದಲಾಯಿತು: ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಅನ್ನ, ಉಳಿದದ್ದರಲ್ಲಿ ಕಾಳೋ ಮೊಟ್ಟೆಯೋ. ಮೂರನೆಯ ತಿಂಗಳಿಂದ ಬೆಳಿಗ್ಗೆ ನೀರಿನ ಟ್ಯಾಂಕಿನ ಮೈದಾನದಲ್ಲಿ ಹನ್ನೆರಡು ಸುತ್ತು. ಎಣಿಕೆ ತಪ್ಪಬಾರದೆಂದು ಮಾಸ್ಟರು ಎಡ ಜೇಬಿನಲ್ಲಿ ಹನ್ನೆರಡು ಗುಂಡಿ ಇಟ್ಟುಕೊಂಡು, ಸುತ್ತಿಗೊಂದರಂತೆ ಬಲ ಜೇಬಿಗೆ ದಾಟಿಸುತ್ತಿದ್ದರು. ನಡಿಗೆಯಿಂದ ಮನಸ್ಸು ಹಗುರಾಗುತ್ತದೆ ಎಂದು ಕೇಳಿದ್ದರು. ಅವರಿಗೆ ಹಾಗೇನೂ ಆಗಲಿಲ್ಲ. ಮುಂದೆ ನಡೆಯುವವರ ಪ್ಯಾಂಟಿನ ಅಂಚುಗಳು ಒಂದು ಕಾಲಿಗಿಂತ ಇನ್ನೊಂದಕ್ಕೆ ಕಾಲಿಂಚು ಕೆಳಗಿರುವುದೇ ಕಣ್ಣಿಗೆ ಬೀಳುತ್ತಿತ್ತು. ಅಷ್ಟಾದರೂ ಕಾಣುತ್ತಿದೆಯಲ್ಲ ಎಂದುಕೊಂಡು ಇನ್ನೊಂದು ಗುಂಡಿ ದಾಟಿಸುತ್ತಿದ್ದರು.

ಸಂಜೆ ನಾಲ್ಕರ ಹಸಿವು ಬೇರೆಯೇ. ಅದು ಹೊಟ್ಟೆಯಿಂದ ಬರುತ್ತಿರಲಿಲ್ಲ, ಗಡಿಯಾರದಿಂದ ಬರುತ್ತಿತ್ತು. ಇಷ್ಟು ವರ್ಷ ಬಿಸ್ಕತ್ತು ಕೊಟ್ಟು ಸಾಕಿದ ಗಂಟೆ, ಈಗ ದಿನವೂ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಮಾಸ್ಟರು ಅದಕ್ಕೆ ಒಂದು ಹಿಡಿ ಹುರಿದ ಕಡಲೆ ಹಾಕಿ ಕಳಿಸುತ್ತಿದ್ದರು. ಅದು ಹೋಗುತ್ತಿರಲಿಲ್ಲ.

ಎಂಟು ತಿಂಗಳಿಗೆ ಏಳು ಕಿಲೊ ಇಳಿಯಿತು. ಕಣ್ಣಿನ ಮಸುಕು ಕಡಿಮೆಯಾಗಿ, ಬಿಳಿ ದಾರವನ್ನಾದರೂ ತಾವೇ ಪೋಣಿಸುವಂತಾದರು. ಹರಿದುಹೋದದ್ದರ ಬದಲಿಗೆ ಎರಡು ಹೊಸ ಪ್ಯಾಂಟು ಹೊಲಿದುಕೊಂಡಿದ್ದರು. ಅವನ್ನೂ ಈಗ ಒಂದಿಷ್ಟು ಒಳಗೆ ಹಿಡಿದು ಬಿಗಿ ಮಾಡಿದರು. ತೊಂಬತ್ತಾರು ಕಿಲೊ ಇದ್ದಾಗ ಅವರ ಆರೋಗ್ಯವನ್ನು ವಿಚಾರಿಸದ ಬೀದಿ, ಈಗ ದಿನಕ್ಕೆ ನಾಲ್ಕು ಸಲ ಏನಾದರೂ ಕಾಯಿಲೆಯೇ ಎಂದು ಕೇಳತೊಡಗಿತು. ವಕೀಲರು ಉಯಿಲಿನ ಬಗ್ಗೆ ಯೋಚನೆಯಿದ್ದರೆ ಹೇಳಿ ಎಂದರು.

ಅಷ್ಟರಲ್ಲಿ ಶಾಲೆಗಳು ಶುರುವಾಗುವ ಕಾಲ ಬಂತು. ಟೈಲರುಗಳಿಗೆ ಅದು ಸುಗ್ಗಿಯೂ ಹೌದು, ಶಿಕ್ಷೆಯೂ ಹೌದು. ನಾಲ್ಕು ಶಾಲೆಗಳ ಯೂನಿಫಾರ್ಮು, ಆರು ವಾರ, ಎರಡು ಮೆಷಿನ್ನು. ಮಾಸ್ಟರು ಬೆಳಿಗ್ಗೆ ಏಳಕ್ಕೇ ಅಂಗಡಿ ತೆಗೆದರು; ನಡಿಗೆ ನಿಂತಿತು. ಊಟ ಮೆಷಿನ್ನಿನ ಮೇಲೆಯೇ ಆಯಿತು. ಬಾಯಿಗೆ ಹೋಗುತ್ತಿರುವುದು ಏನು, ಎಷ್ಟು ಎಂದು ನೋಡಲು ಪುರುಸೊತ್ತಿರಲಿಲ್ಲ. ಚಹಾ ಮೂರರಿಂದ ಐದಾಗಿ, ಐದು ಎಂಟಾಗಿ, ಎಂಟರ ಜೊತೆ ಸಕ್ಕರೆಯೂ ಬಂತು. ತೂಕ ನೋಡಲು ಔಷಧಿ ಅಂಗಡಿಯ ತನಕ ಹೋಗಬೇಕಿತ್ತು. ಹೋಗಲಿಲ್ಲ.

ಐದನೆಯ ವಾರದ ಒಂದು ಮಧ್ಯಾಹ್ನ ಶಾಲೆಯೊಂದರಿಂದ ಫೋನು ಬಂತು. ಮಾಸ್ಟರು ಪರದೆಯ ಹಿಂದೆ ಹೋಗಿ ಲುಂಗಿ ಸುತ್ತಿಕೊಂಡು ಬಂದು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಒಂದು ಪ್ಯಾಂಟಿನ ಹಿಂಭಾಗದ ಹೊಲಿಗೆ ಬಿಚ್ಚುತ್ತ ಮಾತಾಡಿದರು. ಹೊಲಿಗೆ ಬಿಚ್ಚುವುದಕ್ಕೆ ಅವರಿಗೆ ತಲೆ ಬೇಕಾಗಿರಲಿಲ್ಲ. ಬೆರಳುಗಳೇ ದಾರಿ ಬಲ್ಲವು. ಫೋನು ಮುಗಿದಾಗ ಮುಕ್ಕಾಲು ಇಂಚು ಸಡಿಲ ಮಾಡಲು ಸೀಮೆಸುಣ್ಣದ ಗೆರೆಯನ್ನೂ ಎಳೆದಾಗಿತ್ತು.

ಕಾಜಾ ಅಕ್ಕ ತನ್ನ ಮೂಲೆಯಿಂದ ಕೇಳಿದಳು: "ಮಾಸ್ಟ್ರೇ, ಅದು ಯಾರ ಪ್ಯಾಂಟು?"

ಮಾಸ್ಟರು ಚೀಟಿ ಹುಡುಕಿದರು. ಗಿರಾಕಿಯ ಬಟ್ಟೆಗೆ ಹೆಸರು ಬರೆದ ಚೀಟಿ ಚುಚ್ಚಿರಬೇಕು. ಇದಕ್ಕೆ ಚೀಟಿ ಇರಲಿಲ್ಲ. ಜೇಬಿಗೆ ಕೈ ಹಾಕಿದರೆ ಹನ್ನೆರಡು ಗುಂಡಿ ಸಿಕ್ಕವು, ಎಲ್ಲವೂ ಎಡ ಜೇಬಿನಲ್ಲಿ.

ಅವರು ಗುಂಡಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಬೆಳಿಗ್ಗೆ ಸೊಂಟ ಬಿಗಿದದ್ದು, ಈಗ ಎದ್ದು ಹೋಗಿ ಪ್ಯಾಂಟು ಬಿಚ್ಚಿದ್ದು, ಒಂದೂ ಅವರವರೆಗೆ ತಲುಪಿರಲಿಲ್ಲ. ನಾಳೆ ಕಣ್ಣಿಗೂ ಹೀಗೇ ಆಗುತ್ತದೆ, ಆದದ್ದು ತನಗೆ ಗೊತ್ತಾಗುವುದೇ ಇಲ್ಲ ಎಂದು ಆಗ ಅನ್ನಿಸಿತು. ಹೆದರಿಕೆಗಿಂತ ಹೆಚ್ಚಾಗಿ ಸುಸ್ತಾಯಿತು. ಇಷ್ಟೆಲ್ಲ ಮಾಡಿದ್ದನ್ನು ಮತ್ತೆ ಮೊದಲಿನಿಂದ ಮಾಡಬೇಕಲ್ಲ ಎಂಬ ಸುಸ್ತು.

"ನಿಮ್ಮ ಕೈ ನಿಮ್ಮ ಮಾತು ಕೇಳಲ್ಲ," ಎಂದಳು ಅಕ್ಕ. "ಬಟ್ಟೆ ಇದ್ರೆ ತಾನೇ ಬಿಚ್ಚೋದು. ಕತ್ತರಿಸಿಬಿಡಿ."

ಮಾರ್ಜಿನ್ ಕತ್ತರಿಸುವುದೆಂದರೆ ಟೈಲರಿಗೆ ಬಾವಿಯ ಹಗ್ಗ ಕತ್ತರಿಸಿದ ಹಾಗೆ. ಅವರಿಗೆ ಕೆಲಸ ಕಲಿಸಿದವರು ಮೊದಲ ದಿನ ಹೇಳಿದ್ದೇ ಅದನ್ನು: ಬಟ್ಟೆ ಬಿಡು, ಮನುಷ್ಯ ಒಂದೇ ಸಮ ಇರುವುದಿಲ್ಲ. ಮಾಸ್ಟರು ಮೊದಲು ಬಿಚ್ಚಿದ ಹೊಲಿಗೆಯನ್ನು ಹಳೆಯ ಜಾಗದಲ್ಲೇ ಹಾಕಿದರು. ಆಮೇಲೆ ದೊಡ್ಡ ಕತ್ತರಿ ತೆಗೆದುಕೊಂಡರು. ವಕೀಲರ ಕೋಟಿನ ದುಬಾರಿ ಬಟ್ಟೆಯನ್ನೂ ಒಂದೇ ಅಳತೆಗೆ ಕತ್ತರಿಸುವವರು, ತಮ್ಮ ಬೂದು ಪ್ಯಾಂಟನ್ನು ಎರಡು ಸಲ ಅಳೆದರು. ಹೊಲಿಗೆಯಿಂದ ಕಾಲಿಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿದರು. ಕತ್ತರಿಸಿದ ಅಂಚಿನ ಎಳೆ ಬಿಚ್ಚದ ಹಾಗೆ ಒತ್ತುಹೊಲಿಗೆ ಹಾಕಿದರು. ಇನ್ನೊಂದು ಪ್ಯಾಂಟಿಗೂ ಮನೆಗೆ ಹೋಗಿ ಅದೇ ಗತಿ ಕಾಣಿಸಿದರು. ಅಂಗಡಿಯಲ್ಲಿ ಬಿದ್ದ ಬೆರಳಗಲದ ಪಟ್ಟಿಗಳನ್ನು ಅಕ್ಕ ಚಿಂದಿಯ ಚೀಲಕ್ಕೆ ಗುಡಿಸಿ ಹಾಕಿದಳು.

ಆ ಪ್ಯಾಂಟಿನಲ್ಲಿ ಕೂರುವುದು ಒಂದು ಶಿಕ್ಷೆ. ಹತ್ತು ಹೊಲಿಗೆಗೊಮ್ಮೆ ಅದು ಹೊಟ್ಟೆಯನ್ನು ಕರೆದು ವಿಚಾರಿಸುತ್ತಿತ್ತು. ಔಷಧಿ ಅಂಗಡಿಯ ತಕ್ಕಡಿ ನಾಲ್ಕು ಕಿಲೊ ವಾಪಸು ಬಂದಿದೆ ಎಂದಿತು. ಮಾಸ್ಟರು ಮರುದಿನ ಟ್ಯಾಂಕಿನ ಮೈದಾನಕ್ಕೆ ಹೋದರು. ಹನ್ನೆರಡಾಗಲಿಲ್ಲ, ಐದಕ್ಕೇ ಮೊಣಕಾಲು ಕೈಮುಗಿಯಿತು. ಐದೇ ನಡೆದರು. ಮುಂದಿನ ವರ್ಷದ ಯೂನಿಫಾರ್ಮಿನ ಕಾಲಕ್ಕೆ ಒಂದು ಶಾಲೆಯನ್ನು ಬಿಟ್ಟುಕೊಟ್ಟರು. ನಡಿಗೆ ಆಗದ ದಿನ ಬಸ್ಸು ಬಿಟ್ಟು ಅಂಗಡಿಗೆ ನಡೆದೇ ಹೋದರು. ಗಿರಾಕಿ ಚಹಾ ಕುಡಿಯುವಾಗ ತಾವು ಬಿಸಿನೀರಿನ ಲೋಟ ಹಿಡಿದು ಕೂತರು. ಅದನ್ನು ಕಂಡ ವಕೀಲರು, ಮಾಸ್ಟರು ಸನ್ಯಾಸಕ್ಕೆ ಅಳತೆ ಕೊಟ್ಟಿದ್ದಾರೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ಕೆಲವು ವಾರ ಅರ್ಧ ಕಿಲೊ ಏರಿತು, ಕೆಲವು ವಾರ ಇಳಿಯಿತು. ಮದುವೆಯಾಗಿ ಹೋದ ಮಗಳು ತವರಿಗೆ ಬಂದಾಗ ಎರಡು ಕಿಲೊ ಏರಿತು, ಅವಳು ಹೋದ ಮೇಲೆ ಇಳಿಯಲು ಎರಡು ತಿಂಗಳು ಹಿಡಿಯಿತು. ಹೇಳುವಂಥದ್ದೇನೂ ನಡೆಯಲಿಲ್ಲ. ಎರಡನೆಯ ವರ್ಷದ ಕೊನೆಗೆ ತಕ್ಕಡಿಯ ಮುಳ್ಳು ಎಂಬತ್ತೇಳರ ಹತ್ತಿರ ಬಂದು, ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ ಅಲ್ಲೇ ಕೂತಿತು.

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಸ ಫೋಟೊವನ್ನು ಹಳೆಯದರ ಪಕ್ಕ ಇಟ್ಟು ತುಂಬ ಹೊತ್ತು ನೋಡಿದರು. ಹೆಂಡತಿ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. ಹೊಸ ಚುಕ್ಕಿ ಒಂದೂ ಇಲ್ಲ ಎಂದರು ಡಾಕ್ಟರಮ್ಮ. ಕಡಿಮೆಯಾಗಿದೆಯೇ ಎಂದು ಮಾಸ್ಟರು ಕೇಳಿದರು. ಇಲ್ಲ, ಇದ್ದಷ್ಟೇ ಇದೆ, ಇದ್ದಲ್ಲೇ ಇರುವುದೇ ದೊಡ್ಡ ಸುದ್ದಿ, ಹೀಗೇ ಮಾಡುತ್ತಿರಿ ಎಂದರು. ಮಾಸ್ಟರು ಮುಂದಿನ ಪರೀಕ್ಷೆಯ ತಾರೀಕು ಬರೆಸಿಕೊಂಡರು.

ಪರೀಕ್ಷೆಗೆ ಹಾಕಿದ ಔಷಧಿಯಿಂದ ಕಣ್ಣು ಮಂಜಾಗಿತ್ತು. ಅದು ಇಳಿಯುವ ತನಕ ಹೊರಗಿನ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಬಸ್ ಕಂಡಕ್ಟರೊಬ್ಬರು ಕೂತಿದ್ದರು. ಮೂವತ್ತೈದರ ಮೇಲಿಲ್ಲದ ವಯಸ್ಸು, ಸಮವಸ್ತ್ರದ ಗುಂಡಿಗಳು ಒಂದನ್ನೊಂದು ಹಿಡಿದುಕೊಂಡು ಹೇಗೋ ನಿಂತಿದ್ದವು. ಅವರಿಗೆ ಅಂದೇ ತಮ್ಮ ಕಣ್ಣಿನ ಚುಕ್ಕಿಗಳ ಸುದ್ದಿ ತಿಳಿದಿತ್ತು. ಹೆಂಡತಿ ಗಂಡನ ಒಂಬತ್ತು ಕಿಲೊವಿನ ಕಥೆಯನ್ನು, ತಟ್ಟೆಯಿಂದ ಹಿಡಿದು ನಡಿಗೆಯ ತನಕ, ಹೆಮ್ಮೆಯಿಂದಲೇ ಹೇಳಿದರು. ಕಂಡಕ್ಟರು ಮುಖ ಅರಳಿಸಿಕೊಂಡು ಕೇಳಿ, ಮಾಸ್ಟರ ಕಡೆಗೆ ಸರಿದು ಕೂತರು.

"ಇಪ್ಪತ್ತೊಂದು ದಿನ ಮಾಡಿದ್ರೆ ಸಾಕು, ಆಮೇಲೆ ತಾನಾಗೇ ಅಭ್ಯಾಸ ಆಗ್ಬಿಡುತ್ತೆ ಅಂತಾರಲ್ಲ ಅಣ್ಣ," ಎಂದರು. "ನಿಮಗೆ ಎಷ್ಟು ದಿನಕ್ಕೆ ಅಭ್ಯಾಸ ಆಯ್ತು?"

ಮಾಸ್ಟರು ಮಂಜಿನಲ್ಲೇ ಆ ದನಿಯ ಕಡೆ ತಿರುಗಿದರು.

"ಗೊತ್ತಿಲ್ಲಪ್ಪ. ನಂಗಿನ್ನೂ ಎರಡೇ ವರ್ಷ ಆಗಿರೋದು."